ದಿನಸಿ ಅಂಗಡಿಯ ಗಾಳಿ

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತ ದಿನಗಳು, ಆಗ ಚಿಕ್ಕ ವಯಸ್ಸಿನವರಾಗಿದ್ದ ನಮ್ಮ ಓದುಗರಿಗೂ ನೆನಪಿರಬಹುದು. ಕೋವಿಡ್-19 ರೋಗದ ಭಯದಿಂದ ಶಾಲೆಗಳನ್ನು ಮುಚ್ಚಬಹುದು, ಕಚೇರಿಗಳನ್ನು ಮುಚ್ಚಬಹುದು; ಆದರೆ ಅಕ್ಕಿ, ಬೇಳೆ, ಉಪ್ಪು, ಎಣ್ಣೆಗಳಿಲ್ಲದೆ ಮನೆ ನಡೆಯುವುದೆಂತು? ಮನೆಗೊಬ್ಬರಾದರೂ ಅಂಗಡಿಗೆ ಹೋಗಲೇಬೇಕಾಯಿತು. ಹೋಗಿ ಬಂದವರಿಗಿಂತ ಅವರು ತಂದ ಚೀಲವನ್ನು ಕಂಡೇ ಎಲ್ಲರಿಗೂ ಹೆಚ್ಚು ಹೆದರಿಕೆ. ಹಾಲಿನ ಪೊಟ್ಟಣಕ್ಕೆ ಸಾಬೂನಿನ ಸ್ನಾನ; ನೋಟುಗಳಿಗೆ ಇಸ್ತ್ರಿ; ಬೇಳೆಯ ಪೊಟ್ಟಣಗಳಿಗೆ ಅಂಗಳದಲ್ಲಿ ಮೂರು ದಿನಗಳ ವನವಾಸ! ನಮ್ಮ ಮನೆಯಲ್ಲಿಯೂ ಕೊತ್ತಂಬರಿ ಸೊಪ್ಪನ್ನು ಸಾಬೂನಿನ ನೀರಿನಲ್ಲಿ ಅದ್ದಿ ತೆಗೆದೆವು. ಅಂದಿನ ಸಾರಿನ ರುಚಿಯನ್ನು ವರ್ಣಿಸದಿರುವುದೇ ಲೇಸು.

ಈ ಭಯ ಕೇವಲ ಕಲ್ಪನೆಯಾಗಿರಲಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಪ್ಲಾಸ್ಟಿಕ್ಕಿನ ಮೇಲೆ ಹಾಕಿದ ವೈರಸ್ 72 ಗಂಟೆಗಳಾದ ಮೇಲೂ ಸಂಪೂರ್ಣವಾಗಿ ನಾಶವಾಗಿರಲಿಲ್ಲ. ಈ 72 ಗಂಟೆಗಳ ಮಾತು ಮನೆಮನೆಗೂ ಮುಟ್ಟಿತು. ಆದರೆ ಅದೇ ಪ್ರಯೋಗದ ಇನ್ನೊಂದು ಅಂಶ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಸುಮಾರು ಏಳು ಗಂಟೆಗಳಿಗೊಮ್ಮೆ ವೈರಸ್ಸಿನ ಪ್ರಮಾಣ ಅರ್ಧಕ್ಕೆ ಇಳಿಯುತ್ತಿತ್ತು. ಲೆಕ್ಕ ಹಾಕಿ ನೋಡೋಣ: ಏಳು ಗಂಟೆಗೆ ಅರ್ಧ, ಹದಿನಾಲ್ಕಕ್ಕೆ ಕಾಲು, ಇಪ್ಪತ್ತೊಂದಕ್ಕೆ ಅರೆಕಾಲು. ಮೂರು ದಿನಗಳಲ್ಲಿ ಉಳಿಯುವುದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಜೀವಕೋಶದ ಹೊರಗೆ ವೈರಸ್ಸಿಗೆ ಕ್ಷಯವಲ್ಲದೆ ವೃದ್ಧಿಯಿಲ್ಲ. ರೊಟ್ಟಿಯ ಮೇಲೆ ಬೂಷ್ಟು ಬೆಳೆಯುವಂತೆ ಅದು ಬೇಳೆಯ ಪೊಟ್ಟಣದ ಮೇಲೆ ಬೆಳೆಯಲಾರದು. ಇದರ ಮೇಲೆ, ಪ್ರಯೋಗಶಾಲೆಗಳಲ್ಲಿ ಬಳಸಿದ ಪ್ರಮಾಣವು ಒಬ್ಬ ರೋಗಿ ಕೆಮ್ಮಿದಾಗ ಬೀಳುವುದಕ್ಕಿಂತ ಬಹಳ ಹೆಚ್ಚೆಂದು ಎಮಾನ್ಯುಯಲ್ ಗೋಲ್ಡ್‌ಮನ್ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು ಆ ವರ್ಷವೇ ಎತ್ತಿ ತೋರಿಸಿದರು. 2021ರ ಏಪ್ರಿಲಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯು, ಸೋಂಕಿತ ವಸ್ತುವೊಂದನ್ನು ಮುಟ್ಟಿದಾಗ ರೋಗ ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯೆಂದು ಹೇಳಿತು.

ಹಾಗಾದರೆ ಅಪಾಯವಿದ್ದುದು ಎಲ್ಲಿ? ಚೀಲದಲ್ಲಿ ಅಲ್ಲ, ಚೀಲ ಹಿಡಿದು ನಿಂತ ಜನರ ಉಸಿರಿನಲ್ಲಿ. ಮಾತನಾಡುವಾಗ ನಮ್ಮ ಬಾಯಿಂದ ನಾನಾ ಗಾತ್ರದ ಹನಿಗಳು ಹೊರಬೀಳುತ್ತವೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪನೆಯ ಹನಿ ಒಂದೂವರೆ ಮೀಟರ್ ಎತ್ತರದಿಂದ ಐದಾರು ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. ಇನ್ನೂರನೆಯ ಒಂದು ಭಾಗದಷ್ಟಿರುವ ಹನಿಗೆ ನಿಶ್ಚಲವಾದ ಗಾಳಿಯಲ್ಲಿ ಅರ್ಧ ಗಂಟೆಗೂ ಮೇಲೆ ಬೇಕು. ಸಾವಿರದ ಒಂದು ಭಾಗದಷ್ಟಿರುವುದಂತೂ ಹನ್ನೆರಡು ಗಂಟೆ ತೇಲುತ್ತಿರಬಲ್ಲದು! ದಿನಸಿ ಅಂಗಡಿಯವರು ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದನ್ನು ನೋಡಿರುತ್ತೀರಿ. ಇಕ್ಕಟ್ಟಾದ ಅಂಗಡಿಯಾದರೆ ಆ ಹೊಗೆ ಮೂಲೆಮೂಲೆಗೂ ಹರಡಿ ಬಹಳ ಹೊತ್ತು ನಿಲ್ಲುತ್ತದೆ. ಉಸಿರಿನ ಸೂಕ್ಷ್ಮ ಹನಿಗಳ ಚಲನೆಯೂ ಹೆಚ್ಚುಕಡಿಮೆ ಹಾಗೆಯೇ. ಕಣ್ಣಿಗೆ ಕಾಣದು, ಅಷ್ಟೆ. ಅಂಗಡಿಯ ಮುಂದೆ ಬರೆದ ಸುಣ್ಣದ ವೃತ್ತಗಳು ದಪ್ಪ ಹನಿಗಳಿಂದ ನಮ್ಮನ್ನು ಕಾಪಾಡಿದುವು, ನಿಜ. ಆದರೆ ವೃತ್ತದಲ್ಲಿ ಶಿಸ್ತಾಗಿ ನಿಂತಿದ್ದವರೇ ತಮ್ಮ ಸರದಿ ಬಂದೊಡನೆ ಒಳಗೆ ನುಗ್ಗಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದುದನ್ನೂ ನಾವು ಕಂಡಿದ್ದೇವೆ.

ಜನಸಂದಣಿ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ನೆರೆಯ ಚೆನ್ನೈ ನಗರದ ಕೋಯಂಬೇಡು ಸಗಟು ಮಾರುಕಟ್ಟೆಯನ್ನು ನೋಡಬೇಕು. 2020ರ ಏಪ್ರಿಲ್ 26ರಿಂದ ನಾಲ್ಕು ದಿನ ಚೆನ್ನೈಯಲ್ಲಿ ಬಿಗಿಯಾದ ನಿರ್ಬಂಧವಿರುವುದೆಂದು ಸರಕಾರ ಸಾರಿತು. ಹಿಂದಿನ ದಿನವೇ ನಗರದ ಜನ ತರಕಾರಿಗಾಗಿ ಮುಗಿಬಿದ್ದರು. ಸೋಂಕು ತಡೆಯಲೆಂದು ಮಾಡಿದ ಏರ್ಪಾಡೇ ಜನರನ್ನು ಒಂದೆಡೆ ಕೂಡಿಸಿತು. ಮಾರುಕಟ್ಟೆಯ ವ್ಯಾಪಾರಿಗಳಲ್ಲಿ, ಮೂಟೆ ಹೊರುವವರಲ್ಲಿ ರೋಗ ಕಾಣಿಸಿಕೊಂಡು, ಊರಿಗೆ ಮರಳಿದವರೊಡನೆ ಇತರ ಜಿಲ್ಲೆಗಳಿಗೂ ಹೋಯಿತು. ಮೇ 5ರಂದು ಮಾರುಕಟ್ಟೆಯನ್ನು ಮುಚ್ಚಿ, ವ್ಯಾಪಾರವನ್ನು ತಿರುಮಳಿಸೈಗೆ ಸಾಗಿಸಬೇಕಾಯಿತು. ಅಂಗಡಿ ತೆರೆದಿರುವ ಹೊತ್ತನ್ನು ಕಡಿಮೆ ಮಾಡಿದಷ್ಟೂ ಕ್ಷೇಮ ಹೆಚ್ಚೆಂಬ ಎಣಿಕೆ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಬರುವ ಜನ ಅಷ್ಟೇ ಇದ್ದು ಹೊತ್ತು ಮಾತ್ರ ಅರ್ಧವಾದರೆ, ಸಂದಣಿ ಇಮ್ಮಡಿಯಾಗುವುದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದ ಗಣಿತವಲ್ಲ.

ಇಂತಹ ಕಾಲದಲ್ಲಿ ಅಂಗಡಿಗೆ ಹೋಗುವವರು ಬೇಕಾದುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಜನ ಕಡಿಮೆಯಿರುವ ಹೊತ್ತಿನಲ್ಲಿ, ಮೂಗು ಬಾಯಿಗಳೆರಡನ್ನೂ ಮುಚ್ಚುವ ಮುಖಗವಸು ಧರಿಸಿ ಹೋಗಬೇಕು. ಒಳಗೆ ಇರುವ ನಿಮಿಷಗಳನ್ನು ಕಡಿಮೆ ಮಾಡಬೇಕು. ಮನೆಗೆ ಬಂದು ಕೈಗಳನ್ನು ಸಾಬೂನಿನಿಂದ ತೊಳೆದರೆ ಚೀಲದ ಚಿಂತೆ ಬಹುಮಟ್ಟಿಗೆ ತೀರಿತು. ಈ ವೈರಸ್ಸಿನ ಹೊರಪೊರೆ ಕೊಬ್ಬಿನದು. ಜಿಡ್ಡನ್ನು ಕರಗಿಸುವ ಸಾಬೂನು ಅದನ್ನೂ ಒಡೆಯುತ್ತದೆ. ತರಕಾರಿಗೆ ಮಾತ್ರ ಬರಿಯ ನೀರೇ ಸಾಕು. ಸಾಬೂನು ಸೊಪ್ಪಿನೊಳಕ್ಕೆ ಇಳಿದು ಹೊಟ್ಟೆ ಕೆಡಿಸಬಹುದು.

ನಮ್ಮ ಬೀದಿಯ ಮುದುಕ ದಿನಸಿ ವ್ಯಾಪಾರಿಯೊಬ್ಬರು ಆ ಏಪ್ರಿಲಿನಲ್ಲಿ ತಕ್ಕಡಿಯನ್ನೂ ಗಲ್ಲಾಪೆಟ್ಟಿಗೆಯನ್ನೂ ಜಗಲಿಗೆ ತಂದಿಟ್ಟುಕೊಂಡರು. ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲ. ಚೀಟಿ ಕೊಟ್ಟು ಬೀದಿಯ ಹೊಂಗೆಮರದ ನೆರಳಿನಲ್ಲಿ ನಿಂತಿದ್ದರೆ ಹುಡುಗನೊಬ್ಬ ಸಾಮಾನು ಕಟ್ಟಿ ತರುತ್ತಿದ್ದನು. ಹನಿಗಳ ಗಾತ್ರವನ್ನಾಗಲಿ ಅವು ತೇಲುವ ಹೊತ್ತನ್ನಾಗಲಿ ಅವರು ಬಲ್ಲವರಲ್ಲ. ಹೀಗೇಕೆ ಮಾಡಿದಿರೆಂದು ನಾವು ಕೇಳಿದೆವು.

“ಒಳಗೆ ಬಲು ಸೆಕೆ ಸ್ವಾಮಿ, ಗಾಳಿಯೇ ಆಡುವುದಿಲ್ಲ” ಎಂದರು.