ಸುಣ್ಣಕಲ್ಲಿನ ಹಣ ಹುಲ್ಲುಗಾವಲಿಗೂ ಸಲ್ಲಲಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಪದರಪದರವಾಗಿ ಸುಣ್ಣಕಲ್ಲು ಮಲಗಿದೆ. ಮನೆಗೆ ಹಾಸುವ ಶಹಾಬಾದ್ ಕಲ್ಲು, ಊರೂರಿಗೆ ಹೋಗುವ ಸಿಮೆಂಟು ಹುಟ್ಟುವುದು ಅದರಿಂದಲೇ. ಪಕ್ಕದ ಚಿಂಚೋಳಿ ತಾಲ್ಲೂಕಿನಲ್ಲಿ 134.88 ಚದರ ಕಿ.ಮೀ. ಒಣ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಗುಳ್ಳೆನರಿ, ಕೃಷ್ಣಮೃಗಗಳ ನೆಲೆಯಿದು.

ಇಂಥ ಕಾಡು ಕಾಯಲು ಕಾವಲುಗಾರರು ಬೇಕು, ಬೇಸಿಗೆಯ ಬೆಂಕಿ ತಡೆಯಬೇಕು, ತೋಳ ಕುರಿ ಹಿಡಿದಾಗ ಕುರಿಗಾಹಿಗೆ ತಡವಿಲ್ಲದೆ ಪರಿಹಾರ ಸಿಗಬೇಕು. ಇದಕ್ಕೆಲ್ಲ ಹಣ ಎಲ್ಲಿಂದ?

ಕಾನೂನಿನಲ್ಲಿ ಮೂರು ದಾರಿಗಳಿವೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಶೇ 10ರಷ್ಟು, ಹಳೆಯ ಗುತ್ತಿಗೆಯಾದರೆ ಶೇ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಬಾಧಿತ ಪ್ರದೇಶಗಳಿಗೆಂದು ಇರುವ ಆ ನಿಧಿಯ ಆದ್ಯತಾ ವಲಯಗಳಲ್ಲಿ ಪರಿಸರ ಸಂರಕ್ಷಣೆಯೂ ಒಂದು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವ್ಯಯಿಸಬೇಕು. ಸಸ್ಯ, ಪ್ರಾಣಿಗಳ ರಕ್ಷಣೆಯೂ ಅದರಲ್ಲಿ ಸೇರುತ್ತದೆ. ಅರಣ್ಯಭೂಮಿ ಬಳಸಿದವರು ತೆರುವ ಹಣ ಪರಿಹಾರಾತ್ಮಕ ಅರಣ್ಯೀಕರಣ ನಿಧಿಗೆ ಸೇರುತ್ತದೆ. ಹುಲ್ಲುಗಾವಲಿನಲ್ಲಿ ಬದುಕುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಉಳಿವಿಗೆ 2016ರಲ್ಲಿ ಕೇಂದ್ರ ಸರ್ಕಾರ ಏಳು ವರ್ಷಕ್ಕೆಂದು 33.85 ಕೋಟಿ ರೂಪಾಯಿ ಕೊಟ್ಟದ್ದು ಈ ನಿಧಿಯಿಂದಲೇ.

ಆದರೆ ಹಣ ಬಂದರೆ ಸಾಲದು. ಸಸಿ ನೆಡುವುದೇ ಸಂರಕ್ಷಣೆ ಎಂಬ ನಂಬಿಕೆ ಒಣನಾಡಿಗೆ ಹೊಂದದು. ದೂರದಿಂದಲೇ ಶತ್ರುವನ್ನು ಕಂಡು ಓಡುವುದು ಕೃಷ್ಣಮೃಗದ ರಕ್ಷಣೆ. ಬಯಲಿನ ತುಂಬ ನೀಲಗಿರಿ, ಜಾಲಿ ನೆಟ್ಟರೆ ಅದರ ನೋಟಕ್ಕೇ ಅಡ್ಡಿ. ಬಸ್ಟರ್ಡ್ ಹಕ್ಕಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹತ್ತಿರ ಮರಗಳೆದ್ದರೆ ಮೊಟ್ಟೆ ಕದಿಯುವ ಕಾಗೆಗಳಿಗೆ ಕೂರಲು ಜಾಗವಾಗುತ್ತದೆ. ಹುಲ್ಲು ತಾನು ಹೀರಿದ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಕೂಡಿಡುತ್ತದೆ. ಹುಲ್ಲುಗಾವಲು ಪಾಳುಭೂಮಿಯಲ್ಲ.

ಆದ್ದರಿಂದ ಚಿಂಚೋಳಿಯ ಸುತ್ತಲಿನ ಕುರುಚಲು, ಹುಲ್ಲುಬಯಲುಗಳ ನಕ್ಷೆ ಮೊದಲು ಸಿದ್ಧವಾಗಲಿ. ಎಲ್ಲಿ ಸಸಿ ಬೇಕು, ಎಲ್ಲಿ ಬೇಡ ಎಂಬುದನ್ನು ಜೀವಶಾಸ್ತ್ರಜ್ಞರೂ ತಾಂಡಾದವರೂ ಕುರಿಗಾಹಿಗಳೂ ಕೂಡಿ ನಿರ್ಧರಿಸಲಿ. ಖನಿಜ ನಿಧಿಯ ಕ್ರಿಯಾಯೋಜನೆಯಲ್ಲಿ ವನ್ಯಜೀವಿಗಳಿಗೆ ಪ್ರತ್ಯೇಕ ಪಾಲು ಇರಲಿ. ಈ ನೆಲವನ್ನು ಅಗೆದು ಗಳಿಸಿದ ಹಣದಲ್ಲಿ ಈ ನೆಲದ ಜೀವಿಗಳಿಗೂ ಹಕ್ಕಿದೆ. ಅದನ್ನು ಕೇಳಬೇಕಾದವರು ನಾವು.