ಮಕ್ಕಳ ಸಿಟ್ಟು ನೀರಿನ ಮೇಲಿನ ಗೆರೆಯಾಗಿಯೇ ಉಳಿಯಲಿ: ಹದಿಹರೆಯದ ಒತ್ತಡ ಮತ್ತು ಪಾಲಕರ ಹೊಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜೈನ ಮನೆಗಳಲ್ಲಿ ಸೂರ್ಯಾಸ್ತದ ಮೊದಲೇ ಊಟ ಮುಗಿಸುವುದು ರೂಢಿ. ಆದರೆ ಶಾಲೆ, ಟ್ಯೂಷನ್ ಮುಗಿಸಿ ಬಸ್ಸಿಳಿದು ಬರುವ ಮಕ್ಕಳು ಮನೆ ಸೇರುವಾಗ ಕತ್ತಲಾಗಿರುತ್ತದೆ. ಮಧ್ಯಾಹ್ನದ ಮೇಲೆ ಹೊಟ್ಟೆಗೆ ಏನೂ ಇಲ್ಲ. ಹೊಸ್ತಿಲು ದಾಟುವ ಮೊದಲೇ "ಟೆಸ್ಟಿನ್ಯಾಗ ಎಷ್ಟು ಮಾರ್ಕ್ಸ್ ಬಿದ್ದಾವು?" ಎಂಬ ಪ್ರಶ್ನೆ. ಚೀಲ ಮೂಲೆಗೆ ಬೀಳುತ್ತದೆ, ಕೋಣೆಯ ಬಾಗಿಲು ಮುಚ್ಚುತ್ತದೆ. "ಇವಂಗ ಸೊಕ್ಕು ಬಂದೈತಿ" ಎಂದು ತಂದೆ ಹೇಳುತ್ತಾರೆ. ಅಲ್ಲಿಂದ ಜಗಳ ಬೆಳೆಯುತ್ತದೆ.

ಈ ನಾಡಿಗೆ ದೊಡ್ಡ ಪರಂಪರೆ ಇದೆ. ಆಚಾರ್ಯ ಶಾಂತಿಸಾಗರ ಮಹಾರಾಜರ ಭೋಜ, ಆಚಾರ್ಯ ವಿದ್ಯಾಸಾಗರ ಮಹಾರಾಜರ ಸದಲಗಾ, ಆಚಾರ್ಯ ವಿದ್ಯಾನಂದ ಮಹಾರಾಜರ ಶೇಡಬಾಳ ಎಲ್ಲವೂ ಇಲ್ಲಿಯವೇ. ಅದಕ್ಕಾಗಿಯೇ ನಮ್ಮ ಮನೆಯ ಮಕ್ಕಳು ಸಿಟ್ಟು ಮಾಡಿದರೆ ಸಂಸ್ಕಾರ ಕೆಟ್ಟಿತೆಂದು ನಾವು ಬೇಗ ತೀರ್ಮಾನಿಸುತ್ತೇವೆ. ಸಿಟ್ಟನ್ನು ನಮ್ಮ ಶಾಸ್ತ್ರ ಹೇಗೆ ಕಂಡಿದೆ ಎಂಬುದನ್ನು ಸ್ವಲ್ಪ ನೋಡೋಣ.

ಕ್ರೋಧದ ನಾಲ್ಕು ಗೆರೆಗಳು

ಚಾವುಂಡರಾಯನ ಕಾಲದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆ ಎಂಬ ಲೆಕ್ಕವೂ ಅಲ್ಲಿದೆ. ಅತ್ಯಂತ ಹಗುರವಾದುದು ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಒಳಗೆ ಅಳಿಯುತ್ತದೆ. ಅದಕ್ಕಿಂತ ಗಟ್ಟಿಯಾದುದು ಒಂದು ಪಕ್ಷದವರೆಗೆ, ಇನ್ನೂ ಗಟ್ಟಿಯಾದುದು 6 ತಿಂಗಳವರೆಗೆ ಉಳಿಯುತ್ತದೆ. ಕಲ್ಲಿನ ಗೆರೆಯಂಥದು ಜನ್ಮಜನ್ಮಕ್ಕೂ ಬೆನ್ನು ಹತ್ತುತ್ತದೆ.

ಹದಿಹರೆಯದ ಸಿಟ್ಟು ಬಹುಪಾಲು ನೀರಿನ ಗೆರೆಯಂಥದೇ. ಅದಕ್ಕೆ ದೇಹದ ಕಾರಣವೂ ಇದೆ. ಭಾವನೆಗಳನ್ನು ಕೆರಳಿಸುವ ಮೆದುಳಿನ ಭಾಗ ಈ ವಯಸ್ಸಿನಲ್ಲಿ ಚುರುಕಾಗಿರುತ್ತದೆ. ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಆ ಸಿಟ್ಟು ತಾನಾಗಿಯೇ ಇಳಿಯುತ್ತದೆಯೋ, ನೆಲದ ಬಿರುಕಾಗಿ ಉಳಿಯುತ್ತದೆಯೋ ಎಂಬುದು ಬಹಳ ಮಟ್ಟಿಗೆ ಮನೆಯ ಹಿರಿಯರು ಆಗ ಕೊಡುವ ಉತ್ತರದ ಮೇಲೆ ನಿಂತಿದೆ.

ಸಿಟ್ಟಿನ ಹಿಂದೆ ಏನಿದೆ?

ಹತ್ತನೆಯವರೆಗೆ ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಹೋದ ಕೂಡಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಕಡೆಯ ಹಾಸ್ಟೆಲಿಗೆ ಹೋದರೆ ಊಟದ ನೇಮವೂ ತಾಪತ್ರಯ. ಕಬ್ಬಿನ ಬಿಲ್ಲು ತಡವಾದಾಗ ಮನೆಯಲ್ಲಿ ನಡೆಯುವ ಹಣದ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ದಿನ ಕಳೆದ ಚಿಕ್ಕ ಮಕ್ಕಳೇ ಈಗ ಪ್ರೌಢಶಾಲೆ, ಕಾಲೇಜಿನಲ್ಲಿದ್ದಾರೆ. ಇದರ ಮೇಲೆ "ಕಾಕಾನ ಮಗನ ನೋಡಿ ಕಲಿ" ಎಂಬ ಹೋಲಿಕೆ ಬಂದರೆ ಅಂಕಕ್ಕಿಂತ ಮಾನಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ಕ್ರೋಧದ ಬೆನ್ನಿಗೇ ಮಾನ ಕಷಾಯವನ್ನು ಹೇಳಿರುವುದನ್ನು ನೆನಪಿಡಬೇಕು.

ಮನ, ವಚನ, ಕಾಯ ಮೂರರಿಂದಲೂ ಹಿಂಸೆ ಆಗುತ್ತದೆ ಎಂದು ನಂಬುವವರು ನಾವು. ನಾಲ್ಕು ಜನರ ಮುಂದೆ ಮಗುವನ್ನು ಹೀಯಾಳಿಸುವುದು ವಚನ ಹಿಂಸೆ. ಹೊಡೆತವಂತೂ ಸರಿಯೇ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು

1. ಮೊದಲು ಹಸಿವು ನೋಡಿ. ತಡವಾಗಿ ಬರುವ ಮಕ್ಕಳಿಗೆ ಸಂಜೆಯ ಬುತ್ತಿ ಕಟ್ಟಿಕೊಡಿ. ರೊಟ್ಟಿ, ಶೇಂಗಾ ಹಿಂಡಿ, ಬಾಳೆಹಣ್ಣು ಸಾಕು, ಸೂರ್ಯಾಸ್ತದೊಳಗೆ ತಿನ್ನಲಿ. ನೇಮವೂ ಉಳಿಯುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ.

2. ಸಿಟ್ಟಿನ ನಡುವೆ ಉಪದೇಶ ಬೇಡ. ಒಂದು ಸಾಮಾಯಿಕದಷ್ಟು ಹೊತ್ತು, 48 ನಿಮಿಷ ಬಿಡಿ. ಆಮೇಲೆ ಹತ್ತಿರ ಕೂತು "ಯಾಕೋ ತಮ್ಮಾ, ಇವತ್ತ ಏನಾತು?" ಎಂದು ಕೇಳಿ. ಉತ್ತರ ಬಂದಾಗ ನಡುವೆ ಬಾಯಿ ಹಾಕಬೇಡಿ.

3. ಕಾಯೋತ್ಸರ್ಗ ಕಲಿಸಿ. ದೇಹ ಸಡಿಲಬಿಟ್ಟು 27 ಉಸಿರಿನಲ್ಲಿ 9 ಬಾರಿ ಣಮೋಕಾರ ಹೇಳುವ ಕ್ರಮ ನಮ್ಮಲ್ಲಿ ಇದ್ದೇ ಇದೆ. ಒಂದು ಮಂತ್ರಕ್ಕೆ ಮೂರು ಉಸಿರು, ಒಟ್ಟು ಎರಡು–ಮೂರು ನಿಮಿಷ. ಉಸಿರು ನಿಧಾನವಾದಂತೆ ಎದೆಬಡಿತವೂ ಇಳಿಯುತ್ತದೆ. ಆದರೆ ಇದನ್ನು ಶಿಕ್ಷೆಯಾಗಿ ಹೇರಬಾರದು. ಮಕ್ಕಳು ಸಮಾಧಾನದಲ್ಲಿ ಇರುವಾಗ ಜೊತೆಗೆ ಕೂತು ರೂಢಿ ಮಾಡಿಸಿ.

4. ನಿದ್ದೆ ಕಾಯಿರಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಮೊಬೈಲು ಮಲಗುವ ಕೋಣೆಯ ಹೊರಗಿರಲಿ, ಪಾಲಕರದೂ ಸಹ.

5. ಪರೀಕ್ಷೆಯ ಭಯ ತಗ್ಗಿಸಿ. 2024ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಅವಕಾಶವಿದೆ. ಫಲಿತಾಂಶದ ದಿನಕ್ಕೆ ಮೊದಲೇ ಈ ಮಾತನ್ನು ಮಗುವಿಗೆ ಹೇಳಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಎರಡು ವಾರ ಕಳೆದರೂ ಬೇಸರ, ಸಿಟ್ಟು ಇಳಿಯದಿದ್ದರೆ, ಊಟ–ನಿದ್ದೆ ಕೆಟ್ಟರೆ, ಗೆಳೆಯರನ್ನು ಬಿಟ್ಟು ಒಂಟಿಯಾದರೆ, ತನ್ನನ್ನು ತಾನೇ ನೋಯಿಸಿಕೊಂಡರೆ ಕೂಡಲೇ ನೆರವು ಪಡೆಯಿರಿ. "ನಾ ಇದ್ದರೂ ಅಷ್ಟ, ಸತ್ತರೂ ಅಷ್ಟ" ಎಂಬ ಮಾತು ಬಂದರೆ ಎರಡು ವಾರವೂ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮಗುವಿನ ಭಾರ ಇಳಿಯುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಕೈಗೆ ಸಿಗುವಂತೆ ಇಡಬೇಡಿ. ಕೀಲಿ ಹಾಕಿಡಿ. ಒಂದು ಗಳಿಗೆಯ ಸಿಟ್ಟು ತಿರುಗಿ ಬಾರದ ಹಾದಿ ಹಿಡಿಯದಂತೆ ತಡೆಯಲು ಈ ಕೀಲಿಯೂ ಬೇಕು.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ಸ್ನೇಹ ಕ್ಲಿನಿಕ್ ಬಗ್ಗೆ, ಮನೋವೈದ್ಯರು ಬರುವ ದಿನದ ಬಗ್ಗೆ ವಿಚಾರಿಸಿ. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜ್ವರಕ್ಕೆ ಡಾಕ್ಟರ ಬಳಿ ಹೋಗುವಷ್ಟೇ ಸಹಜ ಇದು. "ಮಂದಿ ಏನಂತಾರ" ಎಂಬ ಅಂಜಿಕೆಯಿಂದ ಮಗುವಿನ ಚಿಕಿತ್ಸೆ ತಡವಾಗಬಾರದು.

ಹಿರಿಯರೇ ಮೊದಲು

ಭರತ–ಬಾಹುಬಲಿಯರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಣ್ಣನನ್ನು ಗೆದ್ದ ಬಾಹುಬಲಿ ರಾಜ್ಯ ಬಿಟ್ಟು ಒಂದು ವರ್ಷ ನಿಂತೇ ತಪಸ್ಸು ಮಾಡಿದ. ಆದರೂ ಅಣ್ಣನ ಕುರಿತ ಒಂದು ಸಣ್ಣ ಕೊರಗು ಮನಸ್ಸಿನಲ್ಲಿ ಉಳಿದಿತ್ತು. ಚಕ್ರವರ್ತಿಯಾದ ಅಣ್ಣನೇ ಬಂದು ತಲೆಬಾಗಿದಾಗ ಆ ಕೊರಗು ಕರಗಿತು, ಕೇವಲಜ್ಞಾನವಾಯಿತು.

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ನಾವು ಊರಿನವರಿಗೆಲ್ಲ ಕ್ಷಮೆ ಕೇಳುತ್ತೇವೆ. ಆದರೆ ನಮ್ಮದೇ ಮನೆಯ ಹದಿನೈದರ ಮಗನಿಗೆ, ಮಗಳಿಗೆ "ನಿನ್ನೆ ನಾ ಹಂಗ ಅನ್ನಬಾರದಿತ್ತು, ತಪ್ಪಾತು" ಎಂದು ಎಷ್ಟು ಜನ ತಂದೆ–ತಾಯಿ ಹೇಳಿದ್ದೇವೆ? ಅದಕ್ಕೆ ಪರ್ವ ಬರುವವರೆಗೆ ಕಾಯಬೇಕಿಲ್ಲ. ಇವತ್ತು ಸಂಜೆ ಮಕ್ಕಳು ಮನೆಗೆ ಬಂದಾಗ ಅಂಕ ಕೇಳುವ ಮೊದಲು ಈ ಮಾತು ಹೇಳಿ ನೋಡಿ.