ತೋಳುಪಟ್ಟಿ ಹೇಳುವ ಮಾತು

ಜ್ವರ ಬಂದರೆ ಮೈ ಸುಡುತ್ತದೆ; ಹಲ್ಲು ಕೆಟ್ಟರೆ ನಿದ್ರೆ ಹಾರುತ್ತದೆ. ಆದರೆ ರಕ್ತದ ಒತ್ತಡ ಏರಿದುದು ರೋಗಿಗೇ ಬಹುಮಟ್ಟಿಗೆ ತಿಳಿಯದು. ಅದನ್ನು ಅಳೆದೇ ಅರಿಯಬೇಕು. ಇಟಲಿಯ ವೈದ್ಯ ರಿವಾ-ರೋಚಿ 1896ರಲ್ಲಿ ರೂಪಿಸಿದ ತೋಳುಪಟ್ಟಿಯೇ ಇಂದಿಗೂ ಕುಟುಂಬವೈದ್ಯರಿಗೆ ಆಧಾರ.

ಮಹಡಿ ಹತ್ತಿ ಬಂದೊಡನೆ ಅಳೆಯಿಸಿಕೊಳ್ಳುವುದು ಸಲ್ಲದು. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಸಾಮಾನ್ಯವಾಗಿ ಅದನ್ನು ರೋಗವೆಂದೇ ಎಣಿಸುವರು. ಆಗ ಉಪ್ಪಿನಕಾಯಿ, ಹಪ್ಪಳಗಳಿಗೆ ಕಡಿವಾಣ ಬೇಕು. ವೈದ್ಯರು ಬರೆದುಕೊಟ್ಟ ಗುಳಿಗೆ ತಪ್ಪಬಾರದು.

ಅಳತೆ ಇಳಿಯಿತೆಂದು ಮನೆಯ ಯಜಮಾನರು ತಾವಾಗಿಯೇ ಗುಳಿಗೆಯನ್ನು ನಿಲ್ಲಿಸುವುದುಂಟು. ಇಳಿದುದು ಗುಳಿಗೆಯಿಂದ! ಬಿಟ್ಟರೆ ಒತ್ತಡ ಮತ್ತೆ ಏರೀತು. ಪಾರ್ಶ್ವವಾಯು, ಹೃದಯಾಘಾತಗಳ ಭಯವೂ ಅದರೊಡನೆ ಮರಳೀತು.